ಕೆಮ್ಮಿದ್ದು ನಾನೇ

ಐದನೆಯ ತೂಕದ ಕಲ್ಲನ್ನು ಕೊಂಡಿಗೆ ತಗುಲಿಸಿ, ಅದು ಓಲಾಡದಂತೆ ಎರಡೂ ಅಂಗೈಯಿಂದ ತಡೆದು, ಮೆಲ್ಲಗೆ ಕೈ ಬಿಟ್ಟೆ. ನನ್ನ ಸಹೋದ್ಯೋಗಿ ಜುಲೇಖಾ ಗಡಿಯಾರದ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಕೊಂಡಿ ಸುಮ್ಮನಿತ್ತು. ಆರನೆಯದನ್ನು ಎತ್ತಿಕೊಳ್ಳಲು ನಾನು ಬಗ್ಗಿದಾಗ ಹೊರಗಿನ ಜಗಲಿಯಲ್ಲಿ ಯಾರೋ ಕೆಮ್ಮಿದರು. ನಾವಿಬ್ಬರೂ ಇದ್ದಲ್ಲೇ ನಿಂತೆವು.

"ನಾನೇ," ಎಂದ ಹೊರಗಿನಿಂದ ನಮ್ಮ ಜವಾನ ಹಂಪಣ್ಣ. "ನಾನೇ ರೀ ಬಾಯಾರ. ಮಿರ್ಚಿ ಘಾಟು ನೆತ್ತಿಗೇರ್ತು."

"ಮಿರ್ಚಿ ತಿನ್ನಾಕ ಇದ ಜಾಗಾ ಸಿಕ್ತೇನೋ ನಿನಗ?" ಎಂದಳು ಜುಲೇಖಾ. "ಹೋಗು, ಬಾವಿಕಟ್ಟಿ ಮ್ಯಾಲೆ ಕುಂತು ಎಷ್ಟ್ ಬೇಕಾದ್ರೂ ಕೆಮ್ಮು."

ಆರನೆಯದನ್ನು ತಗುಲಿಸಿದೆ. ಈ ಸಲ ಕೆಮ್ಮಿದ್ದು ಕೊಂಡಿ. ಒಣ ಗಂಟಲಿನ ಸಣ್ಣ ಕೆಮ್ಮು, ಸಭೆಯಲ್ಲಿ ಮಾತಾಡಲು ಎದ್ದು ನಿಂತವರು ಕೆಮ್ಮುವಂಥದ್ದು. ಜುಲೇಖಾ ಗುಂಡಿ ಒತ್ತಿದಳು. ಇನ್ನು ಅದು ಮುರಿಯುವವರೆಗೆ ಕಾಯುವುದೇ ನಮ್ಮ ಕೆಲಸ. ಅವಳು ಊಟದ ಡಬ್ಬಿ ಬಿಚ್ಚಿದಳು, ನಾನು ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತೆ.

ನಮ್ಮೂರಿನಲ್ಲಿ ವಸ್ತುಗಳು ಮುರಿಯುವ ಮುಂಚೆ ಒಮ್ಮೆ ಕೆಮ್ಮುತ್ತವೆ. ಗಾಜಿನ ಲೋಟವಾದರೆ ಕೆಮ್ಮಿದ ಬೆನ್ನಿಗೇ ಒಡೆಯುತ್ತದೆ, ಕೈಯಿಂದ ಕೆಳಗಿಡಲೂ ಬಿಡುವುದಿಲ್ಲ. ಮಂಚದ ಕಾಲು ಅರ್ಧ ದಿನ ತಾಳುತ್ತದೆ. ತೊಲೆ, ಹಗ್ಗ, ಸೇತುವೆಯಂಥ ದೊಡ್ಡವು ಮರುದಿನದವರೆಗೂ ತಾಳಬಹುದು, ಒಂದು ಗಳಿಗೆಯೂ ತಾಳದಿರಬಹುದು. ಯಾವುದು ಎಷ್ಟು ತಾಳುತ್ತದೆ ಎಂದು ಕಂಡುಹಿಡಿಯಲು ಬಾಳಿಕೆ ಸಂಶೋಧನಾಲಯ ಇದೆ. ಬೋರ್ಡಿನ ಮೇಲೆ ಹಾಗೆ ಬರೆದಿದ್ದರೂ ಊರವರು ಅದನ್ನು ಕರೆಯುವುದು ಮುರಿಯೋ ಮನಿ ಎಂದು. ಬೆಳಗಿನಿಂದ ಸಂಜೆಯವರೆಗೆ ನಾವು ಮಾಡುವುದು ಅದನ್ನೇ ತಾನೆ. ಕಾಯಿಪಲ್ಯೆ ಮಾರುವವಳು ನನ್ನನ್ನು ಕಂಡಾಗಲೆಲ್ಲ "ಇವತ್ತೇನು ಮುರದ್ರಿ ಅಕ್ಕಾರ?" ಎನ್ನುತ್ತಾಳೆ. ನಾನು "ಕೊಂಡಿ" ಎಂದರೆ "ಪಾಪ" ಎಂದು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕುತ್ತಾಳೆ.

ವಸ್ತುಗಳ ಕೆಮ್ಮಿಗೂ ಮನುಷ್ಯರ ಕೆಮ್ಮಿಗೂ ಕಿವಿಗೆ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಕೆಮ್ಮಿದ ಮನುಷ್ಯರು ಕೂಡಲೇ "ನಾನೇ" ಅನ್ನಬೇಕು. ಅವ್ವ, ಅಪ್ಪ ಆದಮೇಲೆ ಮಕ್ಕಳು ಕಲಿಯುವ ಮಾತು ಅದು. ಕೂಸು ಕೆಮ್ಮಿದರೆ ಎತ್ತಿಕೊಂಡವರು "ಕೂಸು" ಅನ್ನುತ್ತಾರೆ. ಮಾತು ಬಾರದವರು ಚಪ್ಪಾಳೆ ತಟ್ಟುತ್ತಾರೆ. ನೆಗಡಿಯಾದವರನ್ನು ನಾಟಕಕ್ಕೆ ಬಿಡುವುದಿಲ್ಲ. ದಮ್ಮು ಹತ್ತಿದ ಮುದುಕರು ಜಗಲಿಯ ಮೇಲೆ ಕುಳಿತು "ನಾನೇ, ನಾನೇ, ನಾನೇ" ಎನ್ನುತ್ತ ಸಂಜೆ ಕಳೆಯುತ್ತಾರೆ. ಹೊಸಬರು ಕಂಡರೆ ಏನೋ ಜಪ ಎಂದುಕೊಂಡಾರು. ಒಮ್ಮೆ ಪರವೂರಿನ ಬಟ್ಟೆ ವ್ಯಾಪಾರಿಯೊಬ್ಬ ಛತ್ರದಲ್ಲಿ ಉಣ್ಣಲು ಕುಳಿತಾಗ ಕೆಮ್ಮಿ ಸುಮ್ಮನಾದನಂತೆ. ಅವನು ಮಜ್ಜಿಗೆಗೆ ಬರುವಷ್ಟರಲ್ಲಿ ಛತ್ರದ ಬಾಗಿಲು, ಏಣಿ, ಮಂಚಗಳನ್ನೆಲ್ಲ ಅಂಗಳಕ್ಕೆ ತಂದು ಹಾಕಿ, ಒಂದೊಂದನ್ನೇ ಬಡಿದು ನೋಡುತ್ತಿದ್ದರಂತೆ. ಯಾರೂ "ನಾನೇ" ಅನ್ನದಿದ್ದರೆ ಅದು ವಸ್ತುವಿನ ಕೆಮ್ಮು. ಆಗ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲಬೇಕು, ಕೆಮ್ಮಿದ್ದು ಯಾವುದೆಂದು ಹುಡುಕಿ ತೆಗೆಯಬೇಕು. ಈ ಒಂದು ರೂಢಿಯ ಮೇಲೆ ಊರು ನಡೆಯುತ್ತಿತ್ತು. ಯಾವುದನ್ನೂ ಯಾರೂ ಮುಂಚಿತವಾಗಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ.

ಈಚೆಗೆ ಕೆಲವು ವಸ್ತುಗಳು ಕೆಮ್ಮದೆಯೇ ಮುರಿಯತೊಡಗಿದ್ದವು. ಹೆರಿಗೆ ಆಸ್ಪತ್ರೆಯ ಮಂಚ, ಹೆಣ್ಣುಮಕ್ಕಳ ಶಾಲೆಯ ಬಾವಿರಾಟೆ, ಹಪ್ಪಳದ ಕಾರ್ಖಾನೆಯ ಏಣಿ. ಬಾವಿರಾಟೆ ಬಿದ್ದಾಗ ಒಬ್ಬ ಹುಡುಗಿಯ ಮೂರು ಬೆರಳು ಹೋದವು. ನಮ್ಮ ಮುಖ್ಯಸ್ಥರಾದ ಕಲ್ಲಿನಾಥ ಸರ್ ಇವಕ್ಕೆ ಮೂಕ ಮುರಿತ ಎಂದು ಹೆಸರಿಟ್ಟಿದ್ದರು. ಹೊಸ ಕುಲುಮೆಯ ಕಬ್ಬಿಣಕ್ಕೆ ಗಂಟಲಿಲ್ಲ ಎಂಬುದು ಅವರ ಗುಮಾನಿ. ಅದಕ್ಕೇ ನಾವು ಕೊಂಡಿಯ ಮೇಲೆ ಕೊಂಡಿ ಮುರಿಯುತ್ತ ಕುಳಿತಿದ್ದೆವು. ವಿಚಿತ್ರವೆಂದರೆ ನಮ್ಮ ಕೋಣೆಯಲ್ಲಿ ಒಂದೂ ಮೂಕವಾಗಿ ಮುರಿಯಲಿಲ್ಲ. ಹೊಸ ಕಬ್ಬಿಣ, ಹಳೆಯ ಕಬ್ಬಿಣ, ಮರ, ನಾರು, ಎಲ್ಲವೂ ತಪ್ಪದೆ ಕೆಮ್ಮಿದವು.

"ಇಲ್ಲಿ ಕೆಮ್ಮತಾವ, ಹೊರಗ ಕೆಮ್ಮೂದಿಲ್ಲ," ಎಂದರು ಕಲ್ಲಿನಾಥ ಸರ್, ಆ ಸಂಜೆ ಮುರಿದ ಕೊಂಡಿಯನ್ನು ಕೈಯಲ್ಲಿ ತಿರುಗಿಸುತ್ತ. "ನಮ್ಮನ್ನ ಕಂಡ್ರ ಅಂಜತಾವೇನು? ದಾಕ್ಷಾಯಣಿಬಾಯಿ, ಮ್ಯಾಲಿನ ಪ್ಯಾಟ್ಯಾಗ ಬಣ್ಣದ ಮನಿ ಕಡಾಯಿ ಸ್ಟ್ಯಾಂಡು ಮೂಕ ಮುರದೈತಂತ. ನಾಳೆ ಮುಂಜಾನೆ ಹೋಗಿ ನೋಡಿ ಬರ್ರಿ."

ಮೇಲ್ಪೇಟೆಗೆ ಹೋಗಬೇಕೆಂದರೆ ತೂಗುಗಾಡಿಯೇ ಗತಿ. ಊರಿನ ನಡುವೆ ಒಂದು ಆಳವಾದ ಕೊಳ್ಳವಿದೆ. ಮನೆಗಳು ಈಚೆ, ನೇಯ್ಗೆಯ ಶೆಡ್ಡುಗಳು ಆಚೆ ಎತ್ತರದಲ್ಲಿ. ಸುತ್ತು ಹಾದಿಯಲ್ಲಿ ನಡೆದರೆ ಅರ್ಧ ದಿನ ಹಿಡಿಯುತ್ತದೆ. ಹಗ್ಗಕ್ಕೆ ನೇತುಬಿದ್ದ ಗಾಡಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಮುಗಿಯುವಷ್ಟರಲ್ಲಿ ಆಚೆ ದಡ. ಗಾಡಿಯಲ್ಲಿ ಬ್ರೇಕಿನ ಹಿಡಿಕೆ ಹಿಡಿದು, ಹಗ್ಗಕ್ಕೆ ಕಿವಿಗೊಟ್ಟು ನಿಲ್ಲುವವರಿಗೆ ಕಿವಿಗಾರ ಎನ್ನುತ್ತಾರೆ. ಈಗ ಆ ಜಾಗದಲ್ಲಿ ಇದ್ದವಳು ನಮ್ಮ ಎದುರುಮನೆಯ ಗುರುಬಸವ್ವ.

ಅವಳಿಗೆ ಆ ಕೆಲಸ ಸುಲಭಕ್ಕೆ ಸಿಕ್ಕಿರಲಿಲ್ಲ. ಗಂಡ ಬಿಟ್ಟುಹೋದಮೇಲೆ ಎರಡು ವರ್ಷ ನಗರಸಭೆಯ ಮೆಟ್ಟಿಲು ಹತ್ತಿ ಇಳಿದಿದ್ದಳು. ಹೆಂಗಸರ ಕಿವಿ ಮಾತಿಗೆ ಚುರುಕು, ಹಗ್ಗಕ್ಕಲ್ಲ ಎಂದು ಒಬ್ಬ ಸದಸ್ಯರು ಸಭೆಯಲ್ಲೇ ನಗೆಯಾಡಿದ್ದರು. ಕೊನೆಗೆ ಕೊಟ್ಟರು, ಆದರೆ ಎಲ್ಲ ಕಿವಿಗಾರರಿಗೂ ಇದ್ದ ಮೂರು ಕೆಮ್ಮಿನ ನಿಯಮವನ್ನು ಅವಳಿಗೆ ಎರಡೆರಡು ಸಲ ಓದಿ ಹೇಳಿದರು. ಒಬ್ಬರ ಕಾಲದಲ್ಲಿ ಗಾಡಿ ಮೂರು ಸಲ ಕೆಮ್ಮಿದರೆ ಅವರನ್ನು ಬದಲಿಸುವುದು ಎಂಬುದು ಆ ನಿಯಮ. ಒರಟಾಗಿ ಬ್ರೇಕು ಹಾಕುವವರ ಕೈಯಲ್ಲಿ ಹಗ್ಗ ಬೇಗ ಸವೆಯುತ್ತದೆ ಎಂದು ನಮ್ಮ ಸಂಶೋಧನಾಲಯವೇ ಹಿಂದೆಂದೋ ಹೇಳಿತ್ತು, ಅದರಿಂದ ಹುಟ್ಟಿದ್ದು. ಗುರುಬಸವ್ವನ ಕಾಲದಲ್ಲಿ ಗಾಡಿ ಆಗಲೇ ಎರಡು ಸಲ ಕೆಮ್ಮಿತ್ತು. ಎರಡು ಸಲವೂ ಅವಳು ಕೂಗಿ ಹೇಳಿದಳು, ಗಾಡಿ ನಿಲ್ಲಿಸಿದಳು, ಹಗ್ಗ ಬದಲಾಯಿತು, ನೇಕಾರರು ಎಂಟೆಂಟು ದಿನ ಸುತ್ತು ಹಾದಿ ನಡೆದರು. "ಹೆಣ್ಣು ನಿಂತ ಮ್ಯಾಲೆ ಗಾಡಿಗೂ ನೆಗಡಿ ಬಂತು" ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಅವಳು ಅದನ್ನು ನನಗೆ ನಗುತ್ತಲೇ ಹೇಳಿದ್ದಳು. ಹಾಗೆ ನಗುವಾಗ ಅವಳ ಎಡಗೈ ತನ್ನಷ್ಟಕ್ಕೆ ಸೆರಗನ್ನು ಹಿಂಡುತ್ತಿರುತ್ತದೆ.

ಮರುದಿನ ಬೆಳಗಿನ ಪಾಳಿಯ ಗಾಡಿಯಲ್ಲಿ ಹತ್ತಿದೆ. ಗಾಡಿ ತುಂಬ ನೇಕಾರ ಹೆಂಗಸರು. ಮಡಿಲಲ್ಲಿ ರೊಟ್ಟಿಗಂಟು, ತಲೆಯಲ್ಲಿ ನಿನ್ನೆಯ ನೂಲಿನ ಎಳೆ. ನನಗೆ ಗುರುಬಸವ್ವನ ಪಕ್ಕ ನಿಲ್ಲಲು ಜಾಗ ಮಾಡಿಕೊಟ್ಟ ಶಂಕ್ರವ್ವ ನೇಯ್ಗೆಯಲ್ಲಿ ನುರಿತವಳು, ಬಾಯಿಯಲ್ಲೂ.

"ಮುರಿಯೋ ಮನಿಯವ್ರು ಬಂದ್ರಲ್ರವ್ವಾ. ಇವತ್ತ ನಮ್ಮ ಸೊಂಟಾ ಮುರಿತಾರೇನು ಕೇಳ್ರಿ."

"ನಿನ್ನ ಸೊಂಟ ನೀನಾ ಮುರ್ಕೋತಿ, ಅವ್ರೇನ್ ಮಾಡ್ಯಾರು," ಎಂದಳು ಹಿಂದಿನಿಂದ ಯಾರೋ. "ನಿನ್ನೆ ಮಗ್ಗದ ಮ್ಯಾಗ ನಿದ್ದಿ ಹೊಡದ್ಯಲ್ಲ, ಮೇಸ್ತ್ರಿ ಮಂಗಳಾರತಿ ಮಾಡಿದ್ನಲ್ಲ."

"ಅಂವನ ಮಾರಿಗೆ ಮಂಗಳಾರತಿ."

ಗುರುಬಸವ್ವ ಬಾಗಿಲು ಹಾಕಿ ಹಿಡಿಕೆ ಬಿಟ್ಟಳು. ಗಾಡಿ ಒಮ್ಮೆ ಜೋಲಿ ಹೊಡೆದು ದಡ ಬಿಟ್ಟಿತು. ಕೆಳಗೆ ಕೊಳ್ಳದ ತಳದಲ್ಲಿ ನೀರು ಕೂದಲೆಳೆಯಂತೆ ಕಾಣುತ್ತಿತ್ತು. ನಗು ಇನ್ನೂ ಮುಗಿದಿರಲಿಲ್ಲ, ಸರಿಯಾಗಿ ನಡುವಿನಲ್ಲಿ ಇದ್ದೆವು, ಆಗ ಕೆಮ್ಮು ಕೇಳಿಸಿತು.

ದೊಡ್ಡದೇನಲ್ಲ. ಗಂಟಲು ಸರಿಮಾಡಿಕೊಂಡ ಹಾಗೆ. ನಗು ನಿಂತಿತು. ಎಲ್ಲರ ಕಣ್ಣೂ ಗುರುಬಸವ್ವನ ಕಡೆ ತಿರುಗಿದವು. ಆ ನೋಟದಲ್ಲಿ ಹೆದರಿಕೆಯಿತ್ತು, ಅದಕ್ಕಿಂತ ಹೆಚ್ಚಾಗಿ ಇನ್ನೇನೋ ಇತ್ತು. ಉಣ್ಣಲು ಕುಳಿತವರು ಬಡಿಸುವವಳನ್ನು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದರು.

"ನಾನೇ," ಎಂದಳು ಗುರುಬಸವ್ವ.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳ ಗಂಟಲು ಅಲುಗಿರಲಿಲ್ಲ. ಅಷ್ಟಲ್ಲದೆ ಮುರಿಯುವ ಕೆಲಸದಲ್ಲಿ ಇಷ್ಟು ವರ್ಷ ಕುಳಿತ ನನಗೆ, ಕೆಮ್ಮು ಬಾಯಿಂದ ಬಂತೋ ನೆತ್ತಿಯ ಮೇಲಿನಿಂದ ಬಂತೋ ಗೊತ್ತಾಗದೆ ಇರುತ್ತದೆಯೇ. ಶಂಕ್ರವ್ವ "ಹಂಗಾರ ಇರ್ಲಿ" ಎಂದು ರೊಟ್ಟಿಗಂಟನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ಮಾತು ಮತ್ತೆ ಶುರುವಾಯಿತು, ಸ್ವಲ್ಪ ಹೆಚ್ಚೇ ಗಟ್ಟಿಯಾಗಿ. ನಾನೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಲ್ಲಿ, ಆ ಎತ್ತರದಲ್ಲಿ, ಎಲ್ಲರೂ ಒಮ್ಮೆಲೇ ಎದ್ದು ನಿಂತಿದ್ದರೆ ಏನಾಗುತ್ತಿತ್ತೋ ಎಂಬುದು ಒಂದು ಕಾರಣ. ಅದೊಂದೇ ಕಾರಣ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಆ "ನಾನೇ" ಕೇಳಿದ ಕ್ಷಣ ನನ್ನ ಕಾಲಿಗೂ ಜೀವ ಬಂದಿತ್ತು.

ಹೆಂಗಸರು ಹಾಗೆ ಅನ್ನುವುದು ನನಗೇನು ಹೊಸದೇ? ನನ್ನ ಅಕ್ಕನನ್ನು ನೋಡಲು ಬೀಗರಾಗುವವರು ಬಂದಿದ್ದಾಗ ಅವರು ಕುಳಿತ ಮಂಚವೇ ಕೆಮ್ಮಿತ್ತು. ನಮ್ಮವ್ವ ಅಡುಗೆಮನೆಯಿಂದ "ನಾನೇ ರೀ, ಒಗ್ಗರಣಿ" ಎಂದಿದ್ದಳು. ಬೀಗರು ನೆಮ್ಮದಿಯಾಗಿ ಕುಳಿತು ಅವಲಕ್ಕಿ ತಿಂದು, ಹುಡುಗಿ ಒಪ್ಪಿಗೆ ಎಂದು ಹೇಳಿ ಹೊಸ್ತಿಲು ದಾಟಿದರು. ಅವರ ಗಾಡಿಯ ಸದ್ದು ಓಣಿಯಲ್ಲಿ ಕರಗುವ ಮೊದಲೇ ಮಂಚ ಕುಸಿಯಿತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ಮಾತ್ರ ಕೆಳಗೆ ಕುಳಿತು ತುಂಬ ಹೊತ್ತು ಬೆವರು ಒರೆಸಿಕೊಂಡಳು. ಮನೆಗಳಲ್ಲಿ ಹೀಗೆ ನಡೆಯುತ್ತಲೇ ಇರುತ್ತದೆ. ಊಟ ಅರ್ಧಕ್ಕೆ ನಿಲ್ಲಬಾರದು, ಬಂದವರು ಏಳಬಾರದು, ಮಲಗಿದ ಕೂಸು ಎಚ್ಚರಾಗಬಾರದು. ಯಾರೋ ಒಬ್ಬಳು "ನಾನೇ" ಎಂದು ಆ ಹೊತ್ತನ್ನು ದಾಟಿಸುತ್ತಾಳೆ. ಆದರೆ ಅದು ಮಂಚ. ಇದು ಕೊಳ್ಳದ ಮೇಲಿನ ಹಗ್ಗ.

ಆಚೆ ದಡದಲ್ಲಿ ಹೆಂಗಸರು ಇಳಿದು ಶೆಡ್ಡಿನ ಕಡೆ ಓಡಿದರು. ನಾನು ಇಳಿಯಲಿಲ್ಲ.

"ಗುರುಬಸವ್ವಾ, ಅದು ನೀನಲ್ಲ."

ಅವಳು ಹಿಡಿಕೆಯನ್ನು ಒರೆಸುತ್ತಿದ್ದಳು. "ಗಂಟಲಾಗ ಏನೋ ಸಿಕ್ಕಿತ್ತಕ್ಕಾ."

"ನನ್ನ ಮುಂದ ಹೇಳ್ತಿಯೇನು?"

ಒರೆಸುವ ಬಟ್ಟೆಯ ಮಗ್ಗುಲು ಬದಲಿಸಿದಳು. "ಮತ್ತೇನ್ ಮಾಡ್ಲಿ? ಮೂರನೇದು. ನಾಳಿಂದ ಯಾರ ಮನಿ ಭಾಂಡಿ ತಿಕ್ಕಲಿ ಹೇಳು. ತಿಕ್ಕೂದಕ್ಕ ಬ್ಯಾಸರಿಲ್ಲ ನನಗ. ಆದ್ರ ಇನ್ನ ಮುಂದ ಇಲ್ಲಿ ಒಬ್ಬ ಹೆಣ್ಮಗಳನ್ನೂ ನಿಂದ್ರಸೂದಿಲ್ಲ ಅವ್ರು. ನೋಡಿದ್ವಿಲ್ಲೇನು ಅಂತಾರ." ಬಟ್ಟೆಯನ್ನು ಮಡಿಸಿ ಇಟ್ಟಳು. "ಸಂಜಿ ಪಾಳಿ ಇಳಿಸಿಬಿಡ್ತೀನಕ್ಕಾ. ಆಮ್ಯಾಲೆ ಹಗ್ಗ ಸವದೈತಿ ಅನಿಸ್ತೈತಿ, ನೋಡ್ರಿ ಅಂತ ನಾನಾ ಹೇಳ್ತೀನಿ. ಕೆಮ್ಮೂಕಿಂತ ಮೊದಲಾ ಹೇಳಿಧಂಗ ಆಗ್ತದ. ಒಂದ್ ದಿನಾ ತಡೀತೈತಿ ಹಗ್ಗ, ನೀವಾ ಹೇಳೀರಿ."

"ತಡೀಬಹುದು ಅಂತ ಹೇಳೀವಿ. ತಡೀತೈತಿ ಅಂತ ಹೇಳಿಲ್ಲ."

ಈ ಎರಡು ಮಾತಿನ ನಡುವಿನ ಅಂತರದಲ್ಲೇ ನನ್ನ ಸಂಬಳ ಹುಟ್ಟುವುದು. ಸಂಜೆ ಪಾಳಿಯ ಗಾಡಿ ಎಂದರೆ ಶಂಕ್ರವ್ವ, ಅವಳ ಹಿಂದೆ ಕುಳಿತು ಅವಳನ್ನು ಹಂಗಿಸಿದವಳು, ಮಡಿಲ ತುಂಬ ಖಾಲಿ ರೊಟ್ಟಿಬಟ್ಟೆ. ಆದರೂ ನಾನು ಹೋಗಿ ಮೇಲಿನ ಕಟ್ಟೆಯಲ್ಲಿ ಕೆಮ್ಮು ಸಾರುವ ಗಂಟೆ ಬಾರಿಸಲಿಲ್ಲ. ಸಂಶೋಧನಾಲಯದವರಿಗೆ ಒಂದು ಹಕ್ಕಿದೆ: ಭಾರ ಹೇರಿ ಪರೀಕ್ಷೆ ಮಾಡಬೇಕೆಂದು ಯಾವ ಗಾಡಿಯನ್ನಾದರೂ, ಯಾವ ಹೊತ್ತಿನಲ್ಲಾದರೂ, ಕಾರಣ ಹೇಳದೆ ತಡೆಯಬಹುದು. ವರ್ಷಗಳಿಂದ ಯಾರೂ ಬಳಸದ ಹಕ್ಕು. ಕಟ್ಟೆಯ ಫೋನಿನಿಂದ ಕಲ್ಲಿನಾಥ ಸರ್‌ಗೆ ಹೇಳಿದೆ.

"ಇವತ್ತಾ? ಯಾಕ?" ಎಂದರು.

"ಬಂದೀನಲ್ಲ ಸರ್, ಮಾಡಿಬಿಡ್ತೀನಿ."

ಬಣ್ಣದ ಮನೆಯಿಂದ, ನೂಲಿಗೆ ಬಣ್ಣ ಹಿಡಿಸಲು ಇಟ್ಟ ಉಪ್ಪಿನ ಚೀಲ ತರಿಸಿದೆ. ಹಮಾಲರು ಬೈದುಕೊಳ್ಳುತ್ತ ಗಾಡಿ ತುಂಬಿದರು. ಗುರುಬಸವ್ವ ತಾನೂ ಚೀಲಗಳಿಗೆ ಕೈಹಚ್ಚಿದಳು. ಬೆಳಗ್ಗೆ ಎಷ್ಟು ಜನರಿದ್ದರೋ ಅಷ್ಟು ಭಾರ; ಅದಕ್ಕಿಂತ ಒಂದು ಚೀಲವೂ ಹೆಚ್ಚು ಹಾಕಬೇಡಿ ಎಂದು ನಾನೇ ನಿಂತು ನೋಡಿದೆ. ಹೆಚ್ಚು ಹಾಕಿ ಹಗ್ಗ ಹರಿದರೆ ಅದು ಪರೀಕ್ಷೆಯ ತಪ್ಪಾಗುತ್ತದೆ. ಗಾಡಿಯನ್ನು ಮೇಲಿನ ದಡದಿಂದ ಬಿಟ್ಟೆವು. ಯಾರೂ ಒಳಗಿರಲಿಲ್ಲ.

ನಡುವಿನ ತನಕ ಅದು ಎಂದಿನಂತೆ ಹೋಯಿತು. ನನಗೆ, ಒಂದು ಕ್ಷಣ, ನಾಚಿಕೆಯೂ ಆಯಿತು; ಸುಮ್ಮನೆ ಒಬ್ಬಳ ಜೀವ ಹಿಂಡಿದೆನಲ್ಲ ಎಂದು. ಆಮೇಲೆ ಹಗ್ಗ ಮೇಲಕ್ಕೆ ಚಿಮ್ಮಿತು. ಗಾಡಿ ಬೀಳುವುದು ಮೊದಲು ನಿಧಾನವಾಗಿ ಕಂಡಿತು, ಬಾಗಿಲು ತೆರೆದುಕೊಂಡು ಚೀಲಗಳು ಒಂದೊಂದಾಗಿ ಹೊರಗೆ ಬಂದವು, ಬಿಳಿ ಉಪ್ಪು ಹೊಗೆಯಂತೆ ಹರಡಿತು. ಸದ್ದು ಬಹಳ ತಡವಾಗಿ ಬಂತು. ಹಮಾಲರಲ್ಲಿ ಒಬ್ಬ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಗುರುಬಸವ್ವ ನನ್ನ ಮೊಣಕೈ ಹಿಡಿದುಕೊಂಡಳು, ಅವಳ ಉಗುರು ಒಳಗೆ ಇಳಿದದ್ದು ನನಗೆ ಗೊತ್ತಾದದ್ದು ಮನೆಗೆ ಬಂದು ಸ್ನಾನ ಮಾಡುವಾಗ.

ಶೆಡ್ಡುಗಳು ಬೇಗ ಬಿಟ್ಟವು. ಎಲ್ಲರೂ ಸುತ್ತು ಹಾದಿಯಲ್ಲಿ ಇಳಿಯತೊಡಗಿದೆವು, ಮುಂದೊಂದು ಸಾಲು, ಹಿಂದೊಂದು ಸಾಲು. ಯಾರ ಬಾಯಲ್ಲಿ ನೋಡಿದರೂ ಒಂದೇ ಮಾತು: ಮೂಕ ಮುರಿತ. ಕೆಮ್ಮಲೇ ಇಲ್ಲ ನೋಡ್ರಿ. ಬೆಳಗ್ಗೆ ಕೆಮ್ಮಿದ್ದು ಗುರುಬಸವ್ವ. ಅವಳೇ ಅಂದಳಲ್ಲ. ಪುಣ್ಯಕ್ಕ ಮುರಿಯೋ ಮನಿಯವ್ರು ಪರೀಕ್ಷಾ ಮಾಡಿದ್ರು. ಒಬ್ಬಳು ಬಂದು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನನಗೆ ಕೈ ಎಳೆದುಕೊಳ್ಳಬೇಕೆನಿಸಿತು.

ಶಂಕ್ರವ್ವ ಮಾತ್ರ ಸುಮ್ಮನೆ ನಡೆಯುತ್ತಿದ್ದಳು. ಹಾದಿ ತಿರುಗುವಲ್ಲಿ ಉಳಿದವರು ಮುಂದಾದಾಗ ನನ್ನ ಪಕ್ಕಕ್ಕೆ ಬಂದಳು.

"ಬಾಯಾರ, ನೀವು ಸುಮ್ನ ಪರೀಕ್ಷಾ ಮಾಡ್ಲಿಲ್ಲ."

"ಯಾಕ ಹಂಗಂತಿ?"

"ನಮಗೇನ್ ಕಿವಿ ಇಲ್ಲೇನ್ರಿ? ದಿನಾ ಮಗ್ಗದ ಮುಂದ ಕುಂದರವ್ರು. ಯಾವ ಲಾಳಿ ಯಾವಾಗ ಕೆಮ್ತೈತಿ ಕಣ್ಣು ಮುಚ್ಚಿ ಹೇಳ್ತೀವಿ." ಅವಳು ಹಾದಿಯ ಕಲ್ಲನ್ನು ಕಾಲಿನಿಂದ ಸರಿಸಿದಳು. "ಎಲ್ಲಾರಿಗೂ ಗೊತ್ತಿತ್ತು. ಹೊತ್ತಾಗಿ ಹೋದ್ರ ಮೇಸ್ತ್ರಿ ಅರ್ಧಾ ಪಗಾರ ಹಿಡೀತಾನ. ಎಂಟು ದಿನಾ ಗಾಡಿ ನಿಂತ್ರ ಎಂಟು ದಿನಾ ಅರ್ಧಾ. ಅಕಿ ಮಾರಿ ನೋಡಿದ್ವಿ. ಅನ್ನು ಯವ್ವಾ, ಅಂದು ಬಿಡು, ಅಂತ ನಾನಾ ಮನಸಿನ್ಯಾಗ ಬೇಡ್ಕೊಂಡ್ನಿ. ಅಕಿ ಅಂದ್ಲು."

"ನಾಳೆ ಕೇಳ್ತಾರಲ್ಲ, ಹೇಳ್ತಿಯೇನು?"

"ಏನಂತ ಹೇಳ್ಲಿ? ಅಕಿ ಸುಳ್ಳಾಡಿದ್ಲು ಅಂತೇನು?" ಎಂದು ಶಂಕ್ರವ್ವ ನನ್ನನ್ನು ನೋಡಿದಳು. "ಅದು ಅಕಿ ಸುಳ್ಳಲ್ರಿ."

ಇಷ್ಟು ಹೇಳಿ, ಬಿರುಸಾಗಿ ನಡೆದು ಮುಂದಿನ ಗುಂಪು ಸೇರಿಕೊಂಡಳು. ನಾನು ನನ್ನಷ್ಟಕ್ಕೆ ನಡೆದೆ. ಹೆರಿಗೆ ಆಸ್ಪತ್ರೆ, ಹೆಣ್ಣುಮಕ್ಕಳ ಶಾಲೆ, ಹಪ್ಪಳದ ಕಾರ್ಖಾನೆ, ಬಣ್ಣದ ಮನೆ. ಕಬ್ಬಿಣಕ್ಕೆ ಗಂಟಲಿಲ್ಲ ಎಂದು ನಾವು ಒಂದು ವರ್ಷ ಕೊಂಡಿ ಮುರಿದಿದ್ದೆವು. ಆಸ್ಪತ್ರೆಯ ಮಂಚ ಕೆಮ್ಮಿತ್ತೇ ಎಂದು ಅಲ್ಲಿಯ ಆಯಾಳನ್ನು ನಾನೇ ಕೇಳಿದ್ದೆ, ಇಲ್ಲ ಎಂದಿದ್ದಳು. ಕೆಮ್ಮಿದ್ದರೆ ನಿನ್ನ ಗತಿ ಏನಾಗುತ್ತಿತ್ತು ಎಂದು ಕೇಳಿರಲಿಲ್ಲ. ಮೂಕವಾಗಿದ್ದವು ವಸ್ತುಗಳಲ್ಲ ಎಂಬುದು ಅಷ್ಟು ದೂರ ನಡೆದ ಮೇಲೆ ಹೊಳೆಯಬೇಕೇ. ಬೆರಳು ಕಳೆದುಕೊಂಡ ಹುಡುಗಿಯ ನೆನಪಾಯಿತು. ಬಾವಿಯ ಹತ್ತಿರ ಆ ದಿನ "ನಾನೇ" ಎಂದವಳು ಯಾರೋ, ಅವಳು ಈಗ ಹೇಗೆ ಅನ್ನ ನುಂಗುತ್ತಾಳೋ.

ಕೆಳಗೆ ಊರ ಅಗಸೆಬಾಗಿಲ ಹತ್ತಿರ ಕಲ್ಲಿನಾಥ ಸರ್ ಮೋಟಾರು ಸೈಕಲ್ಲಿಗೆ ಒರಗಿ ನಿಂತು ಕಾಯುತ್ತಿದ್ದರು. ಅವರು ಒಳ್ಳೆಯವರು. ನನ್ನನ್ನು ಕಂಡು ಮೊದಲು "ನಿಮಗೇನೂ ಆಗಿಲ್ಲಲ್ಲ?" ಎಂದು ಎರಡು ಸಲ ಕೇಳಿದರು. ಆಮೇಲೆ ಮೆಲ್ಲಗೆ ಅವರ ಕಣ್ಣು ಹೊಳೆಯಿತು.

"ಇಷ್ಟ್ ದೊಡ್ಡ ಮೂಕ ಮುರಿತ ಇಲ್ಲೀತನಕ ಆಗಿಲ್ಲ. ನಾಳೆ ಮುಂಜಾನೆ ಸಭಾ ಕರದಾರ. ಇವತ್ತ ಮುಂಜಾನೆ ಗಾಡ್ಯಾಗ ಇದ್ದವ್ರನ್ನೆಲ್ಲಾ ನಿಂದ್ರಿಸಿ, ಕೆಮ್ಮಿದ್ದು ಯಾರು ಅಂತ ಕೇಳೂದು ರೂಢಿ. ಮೊದಲು ನಿಮ್ಮನ್ನ ಕೇಳ್ತಾರ, ಅಧಿಕಾರಿ ಅಂತ. ಆಮ್ಯಾಲೆ ಅಕಿನ್ನ, ಆಮ್ಯಾಲೆ ಉಳದವ್ರನ್ನ. ಗುರುಬಸವ್ವ ಅಂದ್ರ ಮುಗೀತು. ಕೆಮ್ಮು ಅಲ್ಲ, ಮೂಕ. ಅಕಿ ಮ್ಯಾಲೆ ತಪ್ಪಿಲ್ಲ, ಹೊಸ ಹಗ್ಗ ಬಂದಮ್ಯಾಲೆ ಅಕೀನ ನಿಲ್ತಾಳ. ಪಾಪ, ಅಷ್ಟರ ಆಗ್ಲಿ." ತಲೆಗೆ ಟೋಪಿ ಹಾಕಿಕೊಳ್ಳುತ್ತ ಕೇಳಿದರು, "ನೀವು ಬಾಜೂಕನಾ ಇದ್ರಿ. ಅಕೀನಾ ಹೌದಲ್ಲ?"

"ಅಕಿ ನಾನೇ ಅಂದ್ಲು ಸರ್," ಎಂದೆ.

ಅದು ಸುಳ್ಳಲ್ಲ. ಅಂಥ ಮಾತುಗಳನ್ನು ಹೇಗೆ ಜೋಡಿಸಬೇಕೆಂದು ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಮನೆಗೆ ಬಂದು, ಮಿಂದು, ಒಲೆ ಹೊತ್ತಿಸಿ ಹಿಟ್ಟು ನಾದುತ್ತಿದ್ದೆ. ಹೊರಗೆ ಇನ್ನೂ ಬೆಳಕಿತ್ತು. ನನ್ನ ಗಂಡ ಶಿವಯೋಗಿ ಪಡಸಾಲೆಯಲ್ಲಿ ರೇಡಿಯೊ ಬಿಚ್ಚಿ ಹರಡಿಕೊಂಡು ಕುಳಿತಿದ್ದರು. ಗುರುಬಸವ್ವ ಹಿತ್ತಲ ಬಾಗಿಲಿಂದ ಬಂದು ಒಲೆಯ ಪಕ್ಕ ಕುಳಿತಳು. ಕೇಳದೆಯೇ ಲಟ್ಟಣಿಗೆ ಎಳೆದುಕೊಂಡಳು.

"ಬೆಲ್ಲದ ಅಂಗಡಿಯವ ಕರದು ಮಾತಾಡ್ಸಿದ ಅಕ್ಕಾ," ಎಂದಳು. "ನಿನ್ನೀತನಕ ನೆಗಡಿ ಗಾಡಿ ಬಂತು ಅಂತಿದ್ದಂವ. ಇವತ್ತ, ನಿನ್ನ ಮ್ಯಾಲೇನ್ ತಪ್ಪಿಲ್ಲ ತಂಗಿ, ಗಟ್ಟಿಯಾಗಿರು ಅಂದ."

"ಹೂಂ."

"ಹೊಸ ಹಗ್ಗ, ಹೊಸ ಗಾಡಿ, ಅದಕ್ಕ ಕೆಮ್ಮಿನ ಎಣಿಕಿ ಹೊಸದಾಗಿ ಹಿಡೀತಾರಂತ. ಒಂದ್ರಿಂದ."

ಅವಳ ಮುಖ ನೋಡಿದೆ. ಸಂತೋಷವಿರಲಿಲ್ಲ. ತುಂಬ ಹತ್ತಿರದಿಂದ ಏನೋ ದಾಟಿಹೋದಾಗ ಇರುವ ಬಿಳಚು ಮಾತ್ರ ಇತ್ತು. ಆದರೆ ಅದು ಎಷ್ಟು ದಿನ ಇದ್ದೀತು? ಹೊಸ ಗಾಡಿಯೂ ಒಂದು ದಿನ ಮೊದಲನೆಯ ಸಲ ಕೆಮ್ಮುತ್ತದೆ, ಎರಡನೆಯ ಸಲ ಕೆಮ್ಮುತ್ತದೆ. ಮೂರನೆಯ ಸಲ ಗಾಡಿಯಲ್ಲಿ ಮುರಿಯೋ ಮನೆಯವರು ಯಾರೂ ಇರುವುದಿಲ್ಲ. ಎಲ್ಲರೂ ಅವಳ ಮುಖ ನೋಡುತ್ತಾರೆ. ಇವತ್ತು ಆ ಮಾತು ನಡೆದುಹೋಯಿತು, ಯಾರಿಗೂ ಏನೂ ಆಗಲಿಲ್ಲ, ಇವಳ ಕೆಲಸವೂ ಉಳಿಯಿತು. ಒಮ್ಮೆ ನಡೆದ ಮಾತು ಮುಂದಿನ ಸಲ ಇನ್ನೂ ಸಲೀಸಾಗಿ ಬಾಯಿಗೆ ಬರುತ್ತದೆ. ಹಾಗೆ ಸಲೀಸು ಮಾಡಿಕೊಟ್ಟವಳು ನಾನು.

"ನಾಳೆ ನಿನ್ನನ್ನ ಮೊದಲ ಕೇಳ್ತಾರಂತ," ಎಂದಳು ಅವಳು, ಹಿಟ್ಟಿನ ಕಡೆಯೇ ನೋಡುತ್ತ.

"ಹೌದಂತ."

"ಕೆಮ್ಮಿತ್ತು ಅಂತ ನೀ ಹೇಳಿದ್ರ ನಾ ಬ್ಯಾಡ ಅನ್ನೂದಿಲ್ಲ. ಹೊಟ್ಟ್ಯಾಗ ಇಟ್ಕೊಳ್ಳೂದೂ ಇಲ್ಲ." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಆದ್ರ ಹೇಳೂದಿದ್ರ ಈಗ್ಲ ಹೇಳು. ಸೀರಿ ಉಟ್ಕೊಂಡು ಅಲ್ಲಿ ಬಂದು ನಿಂತ ಮ್ಯಾಲೆ ಬ್ಯಾಡ."

"ಏನ್ ಹೇಳ್ಬೇಕೋ ನನಗಿನ್ನೂ ಗೊತ್ತಿಲ್ಲ," ಎಂದೆ. ಆಗ ಅದು ನಿಜವೇ ಆಗಿತ್ತು. "ಉಣ್ಣು ಮೊದ್ಲು. ಮುಂಜಾನಿಂದ ಏನೂ ತಿಂದಿಲ್ಲ ನೀ."

ಅವಳು ಅರ್ಧ ರೊಟ್ಟಿ ತಿಂದಳು, ಉಳಿದರ್ಧವನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದಳು. ಹಿತ್ತಲಲ್ಲಿ ಅವಳು ಕೈ ತೊಳೆಯುವ ಸದ್ದು, ಆಮೇಲೆ ಅವಳ ಮನೆಯ ಅಗಳಿಯ ಸದ್ದು ಕೇಳಿಸಿತು.

ಹಂಚಿನ ಮೇಲೆ ಮುಂದಿನ ರೊಟ್ಟಿ ಉಬ್ಬುತ್ತಿತ್ತು. ನಾಳೆ ಅಧ್ಯಕ್ಷರು ಕನ್ನಡಕ ಏರಿಸಿ "ಕೆಮ್ಮಿದ್ದು ಯಾರು?" ಎಂದು ಕೇಳುತ್ತಾರೆ. "ಗಾಡಿ" ಎಂದರೆ ಗುರುಬಸವ್ವ ಊರಿನೆದುರು ಸುಳ್ಳುಗಾರ್ತಿಯಾಗುತ್ತಾಳೆ, ಸುಳ್ಳು ಹೇಳಿಸಿದವರೆಲ್ಲ ತಲೆ ತಗ್ಗಿಸಿ ಬದುಕಿಕೊಳ್ಳುತ್ತಾರೆ. "ಗುರುಬಸವ್ವ" ಎಂದರೆ ಕಲ್ಲಿನಾಥ ಸರ್ ಇನ್ನೊಂದು ವರ್ಷ ಕಬ್ಬಿಣದ ಗಂಟಲು ಹುಡುಕುತ್ತಾರೆ, ಅಷ್ಟರಲ್ಲಿ ಇನ್ನೆಲ್ಲೋ ಒಂದು ಬಾವಿರಾಟೆ ಬೀಳುತ್ತದೆ. ಎರಡು ಉತ್ತರವನ್ನೂ ನಾನು ಹಿಟ್ಟಿನ ಉಂಡೆಯಂತೆ ಅಂಗೈಯಲ್ಲಿ ತಿರುಗಿಸಿದೆ. ಎರಡರಲ್ಲೂ ಭಾರವೆಲ್ಲ ಒಬ್ಬಳ ಮೇಲೇ ಬೀಳುತ್ತಿತ್ತು. ಅದು ಅಕಿ ಸುಳ್ಳಲ್ರಿ ಎಂದಿದ್ದಳು ಶಂಕ್ರವ್ವ. ಮತ್ತೆ ಯಾರದು?

ನಮ್ಮೂರಿನ ಆ ಮಾತನ್ನು ಯಾರೂ ಬಹುವಚನದಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಕೆಮ್ಮು ಯಾವಾಗಲೂ ಒಬ್ಬರದೇ. ಆದರೆ ಹೇಳಬಾರದು ಎಂಬ ನಿಯಮವೂ ಎಲ್ಲೂ ಇಲ್ಲ. ಮೊದಲು ಕೇಳುವುದು ನನ್ನನ್ನು. ನಾನು "ನಾವೇ" ಎನ್ನುತ್ತೇನೆ. ಹೇಗೆ ಎಂದು ಕೇಳಿದರೆ, ಗಾಡಿ ಕೆಮ್ಮಿತು, ಒಳಗಿದ್ದ ನಮಗೆಲ್ಲ ಕೇಳಿಸಿತು, ನಾವೆಲ್ಲ ಸೇರಿ ಅವಳ ಬಾಯಿಂದ "ನಾನೇ" ಅನಿಸಿದೆವು, ಅದರಲ್ಲಿ ನಾನೂ ಒಬ್ಬಳು ಎನ್ನುತ್ತೇನೆ. ಅವಳು ಹಾಗೆ ಅನ್ನುವಂತೆ ಮಾಡಿದ ಮೂರು ಕೆಮ್ಮಿನ ನಿಯಮ ನಮ್ಮ ಸಂಶೋಧನಾಲಯದಿಂದ ಹೋದದ್ದು ಎಂದೂ ಹೇಳುತ್ತೇನೆ. ಕಲ್ಲಿನಾಥ ಸರ್ ಮುಖ ಕಪ್ಪಾಗುತ್ತದೆ. ನನ್ನ ಕುರ್ಚಿ ಹೋದರೂ ಹೋದೀತು. ಕೆಮ್ಮು ಕೇಳಿ ಸುಮ್ಮನಿದ್ದ ಮುರಿಯೋ ಮನೆಯವಳನ್ನು ಯಾರು ಇಟ್ಟುಕೊಂಡಾರು. ನನ್ನ ನಂತರ ಗುರುಬಸವ್ವ ಏನೆನ್ನುತ್ತಾಳೋ, ಶಂಕ್ರವ್ವ ಬಾಯಿ ಬಿಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಮೊದಲೇ ಹೋಗಿ ಅವರನ್ನು ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡರೆ ಅದು ಮತ್ತೆ ಮುಖ ನೋಡಿ ಅನಿಸಿದ ಮಾತೇ ಆಗುತ್ತದೆ. ಗುರುಬಸವ್ವನಿಗೂ ಹೇಳುವುದಿಲ್ಲ. ಹೇಳಿದರೆ ಅವಳು ಬಂದು ಕಾಲು ಹಿಡಿದು, ನನ್ನ ಸಲುವಾಗಿ ನೀ ಹಾಳಾಗಬ್ಯಾಡಕ್ಕಾ, ನಾನೇ, ನಾನೇ ಎನ್ನುತ್ತಾಳೆ.

"ನಾವೇ" ಎಂಬ ಮಾತನ್ನು ಪಿಸುದನಿಯಲ್ಲಿ ಒಮ್ಮೆ ಹೇಳಿ ನೋಡಿದೆ. ರೂಢಿ ತಪ್ಪಿದ ಅಕ್ಷರದಲ್ಲಿ ನಾಲಗೆ ಸ್ವಲ್ಪ ತಡವರಿಸಿತು.

"ಏನಾರ ಅಂದ್ಯಾ?" ಎಂದರು ಶಿವಯೋಗಿ ಪಡಸಾಲೆಯಿಂದ.

"ಇಲ್ಲ," ಎಂದೆ. "ಕೈ ತೊಳಕೊಂಡು ಬರ್ರಿ, ರೊಟ್ಟಿ ಆರ್ತಾವ."